ಹಸಿರು ಹುಳದ ಎಣ್ಣೆ

ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಲ್ಲಿ ಅತ್ತೆ ಸಾಯುವ ಮೊದಲು ಕೂದಲುದುರಿದ ಜಾಗಕ್ಕೆ ಹಚ್ಚುವ ಹಸಿರು ಹುಳದ ಮದ್ದನ್ನು ಕಿರಿ ಸೊಸೆ ಭಾಗ್ಯಳಿಗೆ ಮಾತ್ರ ಹೇಳಿಕೊಟ್ಟಳು. ಇಬ್ಬರ ಬಾಯಿಗೆ ಬಿದ್ದರೆ ಮದ್ದು ಕೆಡುತ್ತದೆ ಎಂಬುದು ಅವರ ನಂಬಿಕೆ. ಹಿರಿ ಸೊಸೆ ನಿಂಗಿಗೆ ಅದು ಇನ್ನೂ ಅರಗಿಲ್ಲ. ಅತ್ತೆಯ ಕೈಕಾಲು ಒತ್ತಿದವಳು ತಾನು, ಹೆಸರು ಮಾತ್ರ ಅವಳದು. ತಲೆಯಲ್ಲಿ ಬಿಲ್ಲೆಯಗಲ ಕೂದಲುದುರಿದವರು ಹುಣಸೂರಿನಿಂದ ಬಂದು ಭಾಗ್ಯಳ ಮನೆ ಯಾವುದೆಂದು ನಿಂಗಿಯನ್ನೇ ಕೇಳುತ್ತಿದ್ದರು.

ಅದಕ್ಕೇ ಅವಳು ಭಾಗ್ಯ ಮದ್ದು ಮಾಡುವುದನ್ನು ತಡಿಕೆಯ ಸಂದಿಯಿಂದ ಕದ್ದು ನೋಡಿದಳು. ಅವರೆ ಹೂವಿನ ಮೇಲಿನ ಮಿರುಗುವ ಹಸಿರು ಹುಳವನ್ನು ಎಲೆಯಲ್ಲಿ ಹಿಡಿದು ಹರಳೆಣ್ಣೆಗೆ ಹಾಕುವುದು. ಇಷ್ಟೇ! ತಾನೂ ಒಂದು ಸೀಸೆ ಮಾಡಿಟ್ಟಳು. ಮೂವತ್ತು ಹುಳ ಹಾಕಿದಳು, ಭಾಗ್ಯಳದಕ್ಕಿಂತ ಬಿರುಸಾಗಿರಲಿ ಎಂದು. ಮದ್ದು ಹಚ್ಚುವುದನ್ನು ಮಾತ್ರ ಅವಳು ನೋಡಿರಲಿಲ್ಲ. ಭಾಗ್ಯಳ ಜಗಲಿಗೆ ಜನ ಬಂದರೆ ಹೊಟ್ಟೆಯುರಿದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಶನಿವಾರ ಹುಣಸೂರಿನ ಫಾತಿಮುನ್ನೀಸಾ ಮಗಳು ಇಕ್ರಾಳನ್ನು ಆಟೋದಲ್ಲಿ ಕರೆತಂದಳು. ಹುಡುಗಿಯ ತಲೆಯಲ್ಲೂ ಬಿಲ್ಲೆಯಗಲ ಕೂದಲುದುರಿತ್ತು, ಮುಂದಿನ ತಿಂಗಳು ಮದುವೆ. ಭಾಗ್ಯ ಕೊಡಗಿಗೆ ಕಾಫಿ ಕೊಯ್ಯಲು ಹೋಗಿದ್ದಳು, ಸಂಜೆ ಬರುವವಳು.

"ಅವಳೇ ಯಾಕೆ ಕಣಮ್ಮ? ಅವಳಿಗಿಂತ ಮುಂಚೆ ಈ ಮನೆ ಸೊಸೆ ಆದೋಳು ನಾನು," ಎಂದಳು ನಿಂಗಿ.

ಸೀಸೆ ತೆರೆದಾಗ ಇಕ್ರಾ ತಲೆ ಹಿಂದೆಳೆದುಕೊಂಡಳು. "ನಮ್ಮ ದೊಡ್ಡಮ್ಮನ ಮಗಳು ಆತಿಕಾಗೆ ಹಚ್ಚೋವಾಗ ಭಾಗ್ಯಕ್ಕ ಮೊದ್ಲು ತನ್ನ ಕೈಗೆ ಹಚ್ಕೊಂಡು ನೋಡಿದ್ರು. ನೀವು ಹಚ್ಕೊಳಲ್ವಾ?"

"ಅವಳು ಒಂದು ಬೊಟ್ಟು ಇಟ್ಕಂಡಿರ್ತಾಳೆ. ನೋಡು ಇಲ್ಲಿ!" ನಿಂಗಿ ಮೊಣಕೈವರೆಗೂ ಸವರಿಕೊಂಡಳು.

ಊಟದ ಹೊತ್ತಿಗೆ ಕೈ ಕೆಂಪಾಯಿತು. ತಾಯಿ ಮಗಳು ಮದ್ದು ಹಚ್ಚಿಸಿಕೊಳ್ಳದೆ ಭಾಗ್ಯ ಬರಲೆಂದು ಕಾದರು. ಸಂಜೆಗೆ ನೆಲ್ಲಿಕಾಯಿ ಗಾತ್ರದ ನೀರುಬೊಬ್ಬೆಗಳೆದ್ದವು. ತೋಟದ ಜೀಪಿನಿಂದ ಇಳಿದ ಭಾಗ್ಯ ನರಳಾಟ ಕೇಳಿ ಓಡಿ ಬಂದು, ಕೈಗೆ ಸೋಪು ಹಾಕಿ ತೊಳೆದಳು.

"ಎಷ್ಟು ಉಳ ಆಕ್ದೆ ಅಕ್ಕಾ?"

"ಮೂವತ್ತು."

"ಅಯ್ಯೋ! ನಾನಾಕದು ಎರಡೇ ಕಣಕ್ಕ. ಅದ್ಕೂ ಎದ್ರಿಕೆ ಆಯ್ತದೆ." ಫಾತಿಮುನ್ನೀಸಾಳ ಕಡೆ ತಿರುಗಿದಳು. "ಇದು ಇಸ ಕಣಮ್ಮ. ಕಣ್ಣಿಗೆ ಇಳಿದಿದ್ರೆ ಏನ್ ಗತಿ? ನನ್ನದೂ ಬ್ಯಾಡ ಬುಡಿ. ಮಗೀನ ಚರ್ಮದ ಡಾಕ್ಟ್ರಿಗೆ ತೋರ್ಸಿ. ಅಕ್ಕನ್ನೂ ಆಸ್ಪತ್ರೆಗೆ ಕರ್ಕೊಂಡೋಗಿ."

ಫಾತಿಮುನ್ನೀಸಾ ಭಾಗ್ಯಳ ಎರಡೂ ಕೈ ಹಿಡಿದುಕೊಂಡಳು. "ಅಲ್ಲಾ ನಿನ್ನ ಚೆನ್ನಾಗಿಟ್ಟಿರ್ಲಿ ತಾಯಿ."

ಆಟೋದಲ್ಲಿ ಇಕ್ರಾ ಬೊಬ್ಬೆಗಳ ಮೇಲೆ ಮೆಲ್ಲಗೆ ಗಾಳಿ ಊದುತ್ತಿದ್ದಳು. ನಿಂಗಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಉರಿ ಕೈಯದಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳು. ಡಾಕ್ಟರಿಗೆ ತೋರಿಸಿ ಎನ್ನುವ ಮಾತನ್ನಾದರೂ ತಾನು ಮೊದಲು ಆಡಬಹುದಿತ್ತು.