ಸಂಸೆಯ ಕಾಲ್ಪನಿಕ ಕಳ್ಳ

ಯಾವ ಅಪರಾಧಕ್ಕೆ ಎಷ್ಟು ಜೈಲು ಎಂಬುದರ ಮೇಲೆ ನಾನು ಹನ್ನೊಂದು ವರ್ಷದಿಂದ ಸಂಶೋಧನೆ ಮಾಡುತ್ತಿದ್ದೇನೆ. ಇಷ್ಟು ವರ್ಷ ಜೈಲಿನಲ್ಲೇ ಇದ್ದಿದ್ದರೆ ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾದರೂ ಆಗುತ್ತಿತ್ತು. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪಾಠ, ರಜೆಯಲ್ಲಿ ಊರೂರು ಸುತ್ತಿ ಜನರಿಂದ ಫಾರಂ ತುಂಬಿಸುವುದು, ಇದೇ ನನ್ನ ಬಾಳು.

ಫಾರಂನಲ್ಲಿ ಒಬ್ಬ ಕಾಲ್ಪನಿಕ ಕಳ್ಳನಿದ್ದಾನೆ. ಎಸ್ಟೇಟಿನ ಗೋದಾಮಿನಿಂದ ಎರಡು ಮೂಟೆ ಕಾಳುಮೆಣಸು ಕದ್ದಿದ್ದಾನೆ, ಮೊದಲ ತಪ್ಪು. ನೀವಾದರೆ ಎಷ್ಟು ಶಿಕ್ಷೆ ಕೊಡುತ್ತೀರಿ? ಮೊದಲು ಅವನನ್ನು ‘ಒಬ್ಬ ವ್ಯಕ್ತಿ’ ಎಂದಷ್ಟೇ ಬರೆದಿದ್ದೆ. ಮಲ್ಲಂದೂರಿನಲ್ಲಿ ಒಬ್ಬರೂ ಉತ್ತರಿಸಲಿಲ್ಲ.

‘ಯಾರು ಅಂತ ಗೊತ್ತಿಲ್ದೆ ಹ್ಯಾಗೆ ಹೇಳದು ಮೇಡಂ?’

ಸಿಟ್ಟು ಬಂತು. ಆ ಕಳ್ಳನಿಗೆ ರೇಣುಕಪ್ರಸಾದ್ ಎಂದು ನಾಮಕರಣ ಮಾಡಿ, ಫಾರಂ ಮತ್ತೆ ಅಚ್ಚು ಹಾಕಿಸಿ ಸಂಸೆಗೆ ಹೋದೆ.

ಸಂಸೆಯವರು ಸರಸರ ತುಂಬಿಕೊಟ್ಟರು. ಒಂದೇ ದಿನಕ್ಕೆ ನಲವತ್ತು! ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ದಿನಸಿ ಅಂಗಡಿಯವರೊಬ್ಬರು ಏದುಸಿರು ಬಿಡುತ್ತ ಬಂದರು.

‘ನಾನೇ ಮಾರಾಯ್ರೆ, ರೇಣುಕಪ್ರಸಾದ್. ಬೆಳಿಗ್ಗೆಯಿಂದ ನಿಮ್ಮ ಫಾರಂ ತುಂಬಿ ಅಂಗಡಿಗೆ ಬಂದವ್ರೆಲ್ಲ ಧೈರ್ಯ ಹೇಳ್ತಿದಾರೆ. ನಾನೇನು ಮಾಡಿದೀನಿ?’

ಅಂಥ ಕಳ್ಳನೇ ಇಲ್ಲ, ಹೆಸರು ಸುಮ್ಮನೆ ಇಟ್ಟದ್ದು ಎಂದು ಕೈಮುಗಿದೆ. ಅವರ ಮಾನಕ್ಕೆ ಏನೂ ಆಗಿಲ್ಲವೆಂದು ತೋರಿಸಲು, ಯಾರಿಗೂ ತೋರಿಸುವುದಿಲ್ಲ ಎಂದು ಜನರಿಗೆ ಕೊಟ್ಟ ಮಾತನ್ನೂ ಮರೆತು, ಫಾರಂಗಳನ್ನೇ ಮುಂದಿಟ್ಟೆ. ‘ಮಕ್ಕಳೊಂದಿಗ, ಬಿಟ್ಟುಬಿಡಿ.’ ‘ಒಳ್ಳೆ ಮನುಷ್ಯ, ಏನೋ ಆಗಿಹೋಗಿದೆ.’ ನಲವತ್ತಕ್ಕೆ ನಲವತ್ತೂ ಕ್ಷಮೆ! ಜೈಲು ಕಡಿಮೆ ಮಾಡಿ ಎಂದು ಹನ್ನೊಂದು ವರ್ಷ ಗಂಟಲು ಹರಿದುಕೊಂಡವಳಿಗೆ ಇನ್ನೇನು ಬೇಕು?

‘ನೋಡಿ, ಊರಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ,’ ಎಂದೆ.

ಅವರು ಒಂದೊಂದನ್ನೂ ಓದಿದರು. ಕೊನೆಯದನ್ನು ಎರಡು ಸಲ ಓದಿದರು. ಅದು ಅವರ ಹೆಂಡತಿ ಕುಸುಮಾ ಬರೆದದ್ದಂತೆ: ‘ಇದೊಂದು ಸಲ ಬಿಟ್ಟುಬಿಡಿ. ನಾನು ಬುದ್ಧಿ ಹೇಳುತ್ತೇನೆ.’

‘ಎಲ್ರೂ ಕ್ಷಮಿಸಿದಾರೆ ಮೇಡಂ,’ ಎಂದರು ರೇಣುಕಪ್ರಸಾದ್, ಫಾರಂಗಳನ್ನು ಜೋಡಿಸಿ ಕೊಡುತ್ತ. ‘ಅವ್ನು ಕದ್ದಿರ್ಲಿಕ್ಕಿಲ್ಲ ಅಂತ ಒಬ್ರೂ ಬರ್ದಿಲ್ವಲ್ಲ.’

ನಾಚಿಕೆಯಿಂದ ತಲೆ ತಗ್ಗಿತು. ಹಾಗೆ ಬರೆಯಲು ನಾನು ಫಾರಂನಲ್ಲಿ ಜಾಗವೇ ಬಿಟ್ಟಿರಲಿಲ್ಲ.

ಬಸ್ಸು ಬಂತು. ಹತ್ತಲಿಲ್ಲ. ಅಂಥ ಕಳ್ಳನೇ ಇಲ್ಲವೆಂದು ಹೇಳಲು ನಲವತ್ತು ಮನೆಗೂ ಮತ್ತೆ ಹೋಗಬೇಕಿತ್ತು, ಮೊದಲು ರೇಣುಕಪ್ರಸಾದರ ಮನೆಗೆ.