ಇಲಿಮನೆಯ ಹುಳಿ ನೀರು

ಸುಂದರವ್ವ ಬೆಳಗಿನಿಂದ ಒಂದು ಕಡೆ ಕೂತಿರಲಿಲ್ಲ. ಕಚೇರಿಯಿಂದ ಇಲಿಮನೆಗೆ, ಇಲಿಮನೆಯಿಂದ ಕಚೇರಿಗೆ ಅಲೆಯುತ್ತಿದ್ದಳು. ಎಪ್ಪತ್ತನಾಲ್ಕನೆಯ ಇಸವಿ, ಮೃಗಶಿರಾ ಮಳೆ ಹಿಡಿದ ಹೊಸತು. ಸಿಂದಗಿಯ ಹೊರಗಿದ್ದ ಆ ಸಣ್ಣ ಕೇಂದ್ರದಲ್ಲಿ ದನಗಳ ಲಸಿಕೆಯನ್ನು ಮೊದಲು ಬಿಳಿ ಇಲಿಗಳಿಗೆ ಚುಚ್ಚಿ ನೋಡುತ್ತಿದ್ದರು. ಇಲಿಗಳು ತಾಳಿಕೊಂಡರೆ ಮಾತ್ರ ಲಸಿಕೆ ಹಳ್ಳಿಗೆ ಹೋಗುತ್ತಿತ್ತು. ಆ ಇಲಿಗಳನ್ನು ಸಾಕುವ ಹೊಣೆ ಅವಳದು.

ಈ ಸಲ ಅವು ತಾಳುತ್ತಿರಲಿಲ್ಲ. ಕೂದಲು ನಿಮಿರಿ, ಬೆನ್ನು ಗೂನಾಗಿ, ಮೂಲೆ ಹಿಡಿದಿದ್ದವು.

"ಲಸಿಕಿ ಕೆಟ್ಟೈತಿ. ಪೂರಾ ಚೆಲ್ಲಿಬಿಡೂಣು," ಎಂದರು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪರಮಾನಂದ.

"ಲಸಿಕಿ ಹಾಕದ ಇಲಿನೂ ಹಂಗ ಅದಾವ್ರಿ ಸಾಹೇಬ್ರ. ಸ್ವಲ್ಪ ತಡೀರಿ."

"ತಡೀಲಾಕ ಹೊರಗ ಕುಂತಾಂವ ಬಿಡಬೇಕಲ್ಲ."

ಹೊರಗೆ ಕಟ್ಟೆಯ ಮೇಲೆ, ಲಸಿಕೆ ಒಯ್ಯಲು ಬಂದ ಯಂಕಂಚಿಯ ರೇವಪ್ಪ ಕೂತಿದ್ದ. ಅವನ ಊರಿನಲ್ಲಿ ಎಮ್ಮೆಗಳಿಗೆ ಗಂಟಲುಬೇನೆ ಬಿದ್ದಿತ್ತು. ಸಂಜೆ ಮೇವು ತಿಂದ ಎಮ್ಮೆ ಬೆಳಗಾಗುವಷ್ಟರಲ್ಲಿ ಕುತ್ತಿಗೆ ಬಾತು, ಉಸಿರು ಕಟ್ಟಿ ಸಾಯುತ್ತಿತ್ತು.

ಸುಂದರವ್ವ ಮತ್ತೆ ಇಲಿಮನೆಗೆ ಹೋಗಿ ಗೂಡುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದು ಇಲಿ ತೆವಳುತ್ತ ಬಂದು ನೀರಿನ ಬಾಟಲಿಯ ನಳಿಗೆಗೆ ನಾಲಿಗೆ ತಾಗಿಸಿತು. ತಟ್ಟನೆ ತಲೆ ಕೊಡವಿ, ಮುಂಗಾಲುಗಳಿಂದ ಬಾಯಿ ಉಜ್ಜಿಕೊಂಡು ಹಿಂದೆ ಸರಿಯಿತು. ಅವಳು ಬಾಟಲಿಗಳನ್ನು ನೋಡಿದಳು. ಒಂದೂ ಇಳಿದಿರಲಿಲ್ಲ.

ನೀರಿಗೆ ಆಮ್ಲ ಬೆರೆಸುವುದನ್ನು ಹಿಂದಿನ ವರ್ಷ ಶುರು ಮಾಡಿದವಳು ಅವಳೇ. ಆಗ ಬಾಟಲಿಯ ನೀರಿನಲ್ಲಿ ಬೆಳೆಯುವ ಒಂದು ಕ್ರಿಮಿಯಿಂದ ಇಲಿಗಳು ಸಾಯುತ್ತಿದ್ದವು. ನೀರನ್ನು ತುಸು ಹುಳಿ ಮಾಡಿದರೆ ಆ ಕ್ರಿಮಿ ಬದುಕುವುದಿಲ್ಲವೆಂದು ಧಾರವಾಡದಲ್ಲಿ ಓದಿಕೊಂಡು ಬಂದು, ಪರಮಾನಂದರ ಜೊತೆ ವಾದ ಮಾಡಿ ಒಪ್ಪಿಸಿದ್ದಳು. ಇಲಿಗಳು ಮೊದಲಿಗಿಂತ ಕಡಿಮೆ ಕುಡಿದರೂ ಗಟ್ಟಿಯಾಗಿ ಉಳಿದವು. ಅಂದಿನಿಂದ ಅದೇ ಆಮ್ಲ, ಅದೇ ಅಳತೆ. ಏನೂ ಬದಲಾಗಿರಲಿಲ್ಲ.

ನೀರು? ಅವಳು ಹಿತ್ತಲಿಗೆ ಓಡಿದಳು. ಬಾವಿಯ ಮೋಟಾರು ಸುಟ್ಟಿದ್ದರಿಂದ ಜವಾನ ಮಶಾಕಸಾಬ ಮಾಳಿಗೆಯ ಮಳೆನೀರು ತುಂಬಿದ ತೊಟ್ಟಿಯಿಂದ ಕೊಡ ಎತ್ತುತ್ತಿದ್ದ. ಬಾವಿಯದು ಸುಣ್ಣದ ನೀರು, ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುವಂಥದು. ಹಾಕಿದ ಆಮ್ಲದಲ್ಲಿ ದೊಡ್ಡ ಪಾಲು ಆ ಸುಣ್ಣಕ್ಕೇ ಖರ್ಚಾಗುತ್ತಿತ್ತು. ಮಳೆನೀರಿನಲ್ಲಿ ಅದರ ಉರಿ ತಗ್ಗಿಸುವಂಥದ್ದು ಏನೂ ಇರಲಿಲ್ಲ. ಇಲಿಮನೆಗೆ ಮರಳಿ ಬಾಟಲಿಯ ನೀರಿನಲ್ಲಿ ಹುಳಿ ನೋಡುವ ಕಾಗದ ಅದ್ದಿದಳು. ಎಂದೂ ಕಾಣದಷ್ಟು ಕಡುಗೆಂಪಾಯಿತು.

ಬಾಟಲಿಗಳನ್ನೆಲ್ಲ ಚೆಲ್ಲಿ, ತೊಳೆದು, ಕುದಿಸಿ ಆರಿಸಿದ ನೀರಿಟ್ಟಳು. ಇಲಿಗಳು ಒಂದರ ಮೇಲೊಂದು ಹತ್ತಿ ನಳಿಗೆಗೆ ಬಾಯಿ ಹಚ್ಚಿದವು. ಅವಳಿಗೆ ಆ ಕಡೆ ನೋಡಲಾಗಲಿಲ್ಲ.

"ತಪ್ಪು ನಂದ್ರಿ," ಎಂದಳು ಪರಮಾನಂದರಿಗೆ. "ಬಾಯಾರಿ ಸೊರಗ್ಯಾವು. ನೀರು ಬದಲಾದದ್ದು ನಾ ನೋಡ್ಲಿಲ್ಲ."

"ಹಂಗಾದ್ರ ಲಸಿಕಿ ಚೊಲೋ ಐತೇನು?"

"ಅದೂ ಹೇಳಾಕ ಬರೂದಿಲ್ರಿ. ಬ್ಯಾರೆ ಇಲಿ ತಗೊಂಡು ಮೊದಲಿನಿಂದ ಪರೀಕ್ಷಾ ಮಾಡಬೇಕು."

ಬಾಗಿಲಿಗೆ ಬಂದಿದ್ದ ರೇವಪ್ಪ ಎಲ್ಲ ಕೇಳಿಸಿಕೊಂಡಿದ್ದ. "ಅಲ್ಲೀತನಕ ನಮ್ಮ ಎಮ್ಮಿ ಏನ್ ಮಾಡಬೇಕ್ರಿ ಅಕ್ಕಾರ? ಹಂಗ ಕೊಟ್ಬಿಡ್ರಿ. ಸತ್ರ ನನ್ನ ಎಮ್ಮಿ ಸಾಯ್ತಾವು."

ಸುಂದರವ್ವನ ಕೈ ಲಸಿಕೆಯಿದ್ದ ಹಿಮದ ಪೆಟ್ಟಿಗೆಯ ಮುಚ್ಚಳದವರೆಗೆ ಹೋಯಿತು. ಅಲ್ಲೇ ನಿಂತಿತು.

"ಇದು ರೋಗದ ಕ್ರಿಮಿ ಕೊಂದು ಮಾಡಿದ ಲಸಿಕಿ. ಇದರಾಗ ಕ್ರಿಮಿ ಜೀವಂತ ಉಳಿದಿದ್ರ, ನಾವ ನಿಮ್ಮೂರಿಗೆ ರೋಗ ಒಯ್ದಂಗ ಆಕ್ಕೈತಿ ರೇವಪ್ಪ. ನಿನ್ನ ಎಮ್ಮಿ ಅಷ್ಟ ಸಾಯೂದಿಲ್ಲ."

ಅಂದೇ ಮಧ್ಯಾಹ್ನ ಅವಳು ಅವನೊಂದಿಗೆ ಯಂಕಂಚಿಗೆ ಹೋದಳು. ರೋಗದ ಎಮ್ಮೆಗಳನ್ನು ಬೇರೆ ಕಟ್ಟಿರಿ, ಒಂದೇ ತೊಟ್ಟಿಯಲ್ಲಿ ಎಲ್ಲಕ್ಕೂ ನೀರು ಕುಡಿಸಬೇಡಿ ಎಂದು ಮನೆಮನೆಗೆ ಹೇಳಿದಳು. ರೇವಪ್ಪನ ಹೆಂಡತಿ ಗುರವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಸೂಜಿ ತರಲಾರದ ಬರೇ ಮಾತು ತಂದೀರಿ," ಎಂದಳು. ಆದರೂ ಎಮ್ಮೆಗಳನ್ನು ಹೊಡೆದುಕೊಂಡು ಹೋಗಿ ಹೊಲದಲ್ಲಿ ಕಟ್ಟಿದಳು.

ಮುಂದಿನ ದಿನಗಳಲ್ಲಿ ಸುಂದರವ್ವನ ಊಟ ನಿದ್ದೆ ಹದಗೆಟ್ಟವು. ಬಾಟಲಿ ತುಂಬುವ ಮುನ್ನ ಪ್ರತಿ ಸಲ ಕಾಗದ ಅದ್ದುತ್ತಿದ್ದಳು, ನಂಬಿಕೆಯಾಗದೆ ಮತ್ತೊಂದು ಅದ್ದುತ್ತಿದ್ದಳು. ಯಂಕಂಚಿಯಿಂದ ಬಂದವರು ಸುದ್ದಿ ತಂದರು: ರೇವಪ್ಪನ ಹಯನದ ಎಮ್ಮೆಗಳೆರಡೂ ಸತ್ತವು. ಊರಿನ ಉಳಿದ ಓಣಿಗಳಿಗೆ ರೋಗ ಇನ್ನೂ ದಾಟಿಲ್ಲ.

ಹೊಸ ಪರೀಕ್ಷೆ ಮುಗಿಯಿತು. ರೋಗದ ಕ್ರಿಮಿ ಚುಚ್ಚಿ ನೋಡಿದಾಗ ಲಸಿಕೆ ಹಾಕಿದ ಇಲಿಗಳು ತಡೆದುಕೊಂಡವು, ಹಾಕದವು ಸತ್ತವು. ಲಸಿಕೆ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು.

ಹಿಮದ ಪೆಟ್ಟಿಗೆ ಹೊತ್ತು ಅವಳು ಯಂಕಂಚಿಯಲ್ಲಿ ಇಳಿದಾಗ ರೇವಪ್ಪನ ದನದ ಹಕ್ಕೆಯಲ್ಲಿ ಒಂದು ಕರು ಮಾತ್ರ ಉಳಿದಿತ್ತು. ಗುರವ್ವ ಅದರ ಹಗ್ಗ ಹಿಡಿದು ನಿಂತಳು.

"ಆವತ್ತ ಹಾಕಿದ್ರ ಉಳೀತಿದ್ವೇನ್ರಿ?"

"ಉಳೀತಿದ್ವೋ ಏನೋ, ಗುರವ್ವ. ಆವತ್ತ ನನಗ ಗೊತ್ತಿರಲಿಲ್ಲ."

ಗುರವ್ವ ಕರುವಿನ ಕುತ್ತಿಗೆಯನ್ನು ತನ್ನ ತೊಡೆಗೆ ಒತ್ತಿ ಹಿಡಿದಳು.

"ಹಾಕ್ರಿ. ಆಚೀ ಮನಿಯವರೂ ಕಾಯಾಕತ್ತಾರ."

ಸುಂದರವ್ವ ಸಿರಿಂಜು ತುಂಬಿದಳು. ಕರುವಿನ ತೊಗಲು ಎತ್ತಿ ಹಿಡಿದು, ಸೂಜಿ ಚುಚ್ಚಿದಳು.