ಲೋಹವಿಲ್ಲದ ಸಾಲು

ಒಳ್ಳೆಯ ಫಲಿತಾಂಶ ಕಂಡರೆ ವಿರುಪಾಕ್ಷಪ್ಪನವರು ಕೆಟ್ಟ ಸುದ್ದಿ ಕೇಳಿದವರಂತೆ ಮುಖ ಮಾಡುತ್ತಿದ್ದರು. ಸಂಡೂರಿನಿಂದ ಮ್ಯಾಂಗನೀಸ್ ಅದಿರು ಲಾರಿಗಳ ಹಿಂದೆ ದಿನವೂ ಬೈಕಿನಲ್ಲಿ ಹೊಸಪೇಟೆಯ ಪ್ರಯೋಗಾಲಯಕ್ಕೆ ಬಂದು, ದಾರಿಯುದ್ದಕ್ಕೂ ತೊಟ್ಟಿದ್ದ, ಬಿಳಿಯದೆಂದು ಬಾಯಿಮಾತಿಗೆ ಹೇಳಬೇಕಾದ ಕೋಟನ್ನು ಕೊರಳವರೆಗೆ ಗುಂಡಿ ಹಾಕಿಕೊಂಡೇ ಒಳಹೊಕ್ಕು, ಎರಡು ಹೆಜ್ಜೆಗೊಮ್ಮೆ ನಿಂತು, ಏನನ್ನೋ ಮರೆತವರಂತೆ ಹಿಂದೆ ನೋಡಿ, ಮತ್ತೆ ನಡೆಯುವರು. ನೆಲದ ಮೇಲೆ ಒಂದು ಕಣ ಮಣ್ಣು ಕಂಡರೂ ವಿದ್ಯಾರ್ಥಿಗಳು ಹೊರಗೆ ಬಿಟ್ಟ ಚಪ್ಪಲಿ ಎಣಿಸುವರು.

ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು ಹೇಮಾವತಿ ಪಿಎಚ್.ಡಿ.ಗೆಂದು ನಾಲ್ಕು ವರ್ಷದಿಂದ ಅವರ ಕೈಕೆಳಗೆ ಒಂದೇ ಪ್ರಶ್ನೆ ಹಿಡಿದು ಕೂತಿದ್ದಳು: ಗಣಿಮಣ್ಣಿನ ಒಂದು ಬ್ಯಾಕ್ಟೀರಿಯಾದ ಪ್ರೋಟೀನು ಮ್ಯಾಂಗನೀಸ್ ಸಿಕ್ಕಾಗ ಮಾತ್ರ ಡಿಎನ್‌ಎಗೆ ಅಂಟುತ್ತದೆಯೇ? ಪರೀಕ್ಷೆ ಸರಳ. ಅಂಟು ಪದರದಂಥ ಜೆಲ್ಲಿನ ಸಾಲುಗಳಲ್ಲಿ ವಿದ್ಯುತ್ ಹರಿಸಿದರೆ ಬರಿಯ ಡಿಎನ್‌ಎ ಸರಸರನೆ ಕೆಳಗಿಳಿಯುತ್ತದೆ; ಪ್ರೋಟೀನು ಅಂಟಿದ್ದು ಹೊರೆ ಹೊತ್ತವರಂತೆ ಮೇಲೆಯೇ ಉಳಿಯುತ್ತದೆ. ಆದರೆ ಆ ಲೋಹ ಹಾಕದ ಸಾಲಿನಲ್ಲೂ ಅದು ಮೇಲೆಯೇ ಉಳಿಯುತ್ತಿತ್ತು. ಆರು ತಿಂಗಳು, ಹನ್ನೊಂದು ಜೆಲ್.

"ಆ ಒಂದು ಸಾಲು ಬಿಟ್ರ ಉಳಿದಿದ್ದೆಲ್ಲಾ ಮಸ್ತ್ ಐತಲ್ರಿ ಸರ್."

"ಆ ಒಂದು ಸಾಲೇ ನಿನ್ನ ಕೆಲಸ ಸುಳ್ಳು ಅಂತೈತೆವ್ವಾ. ಮತ್ತ ಮಾಡು."

ಪ್ರಬಂಧ ಸಲ್ಲಿಸಲು ಶುಕ್ರವಾರ ಕೊನೆಯ ದಿನ. ಸೋಮವಾರ ಅವರು ಎಂದಿನಂತೆ ಎಲ್ಲ ಸಾಲಿಗೂ ಹಾಕುವ ಬಫರ್ ದ್ರಾವಣ ಕಲಸುತ್ತಿದ್ದರು. ಆ ಕೆಲಸವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಹನಿಹನಿಯಾಗಿ ಆಮ್ಲ ಬಿಡುತ್ತ ಬಾಗಿದಾಗ, ಬೆರಳ ಗೆಣ್ಣಿನವರೆಗೆ ಜೋತ ಕೋಟಿನ ತೋಳಿನ ಮಡಿಕೆಯಿಂದ ಕಂದು ಧೂಳು ಪಾತ್ರೆಯೊಳಗೆ ಉದುರಿದ್ದನ್ನು ಹೇಮಾವತಿ ಕಂಡಳು. ಹನ್ನೊಂದು ಜೆಲ್ಲಿನ ಸಿಟ್ಟು ಒಮ್ಮೆಗೇ ನಾಲಿಗೆಗೆ ಬಂತು.

"ಚಪ್ಪಲಿ ನಾವು ಹೊರಗ ಬಿಡ್ತೀವ್ರಿ ಸರ್. ನೀವು ಗಣಿನ ಹೊತ್ಗೊಂಡು ಒಳಗ ಬರ್ತೀರಿ!"

ಅವರು ತೋಳು ನೋಡಿಕೊಂಡರು. ಅಪರೂಪಕ್ಕೆ ಮುಖ ಅರಳಿತು.

"ಹಂಗಂತೀಯಾ? ಸಾಕ್ಷಿ ಎಲ್ಲೈತಿ? ಈ ಬಫರ್ ಒಂದು, ಕೋಟು ಹಾಕ್ದಂಗ ನೀ ಮಾಡಿದ್ದು ಒಂದು. ಅಕ್ಕಪಕ್ಕ ಓಡಿಸು. ಮೂರು ಸಲ."

"ಶುಕ್ರವಾರ ಕೊಡಬೇಕ್ರಿ! ಕಣ್ಣಿಗೆ ಕಾಣಾಕತ್ತೈತಿ, ಒಂದು ಸಲ ಸಾಕಲ್ರಿ?"

"ಒಂದು ಸಲಕ್ಕ ನನ್ನ ಮ್ಯಾಲೂ ತಪ್ಪು ಹೊರಿಸಬ್ಯಾಡ. ರೂಢಿ ಆಕ್ಕೈತಿ."

ಹಲ್ಲು ಕಚ್ಚಿಕೊಂಡು ಅವಳು ಓಡಿಸಿದಳು. ಮೂರು ದಿನವೂ ಅವರು ಕೋಟು ಕಳಚಿ, ಬಾಗಿಲ ಗಾಜಿನಾಚೆ ನಿಂತಿದ್ದರು. ಮೂರು ಸಲವೂ ಲೋಹ ಹಾಕದ ಸಾಲಿನಲ್ಲಿ ಅವರ ಬಫರಿನ ಡಿಎನ್‌ಎ ಮೇಲೆ ಉಳಿಯಿತು. ಅವಳದ್ದು ನೆಟ್ಟಗೆ ಕೆಳಗಿಳಿಯಿತು. ಶುಕ್ರವಾರ ಬೆಳಿಗ್ಗೆ ಸಹಿಗೆ ಹೋದರೆ, ಒಂದು ಪುಟ ಮತ್ತೆ ಮುದ್ರಿಸಲು ಹೇಳಿದರು. ಹಿಂದಿನ ಹನ್ನೊಂದು ಪ್ರಯೋಗಗಳು ಕೆಡಲು ಕಾರಣವೇನೆಂದು ಅಲ್ಲಿ ಅವರೇ ಪೆನ್ನಿನಲ್ಲಿ ಬರೆದಿದ್ದರು: "ಮಾರ್ಗದರ್ಶಕರ ಕೋಟು." ಕಚೇರಿ ಮುಚ್ಚಲು ಇಪ್ಪತ್ತು ನಿಮಿಷವಿದ್ದಾಗ ಪ್ರಬಂಧ ಒಳಗೆ ಹೋಯಿತು.

ಇಂಥವರ ಜೊತೆ ದುಡಿಯುವುದು ಸುಖವಲ್ಲ. ನಮ್ಮನ್ನು ನಂಬುವುದಿಲ್ಲವೆಂದು ವರ್ಷಗಟ್ಟಲೆ ಕುದಿಯುತ್ತೇವೆ. ಅವರು ತಮ್ಮನ್ನೂ ಅಷ್ಟಕ್ಕಷ್ಟೇ ನಂಬುತ್ತಾರೆಂದು ಗೊತ್ತಾದ ದಿನ ಆ ಸಿಟ್ಟೇನೂ ಇಳಿಯುವುದಿಲ್ಲ. ಅದನ್ನು ಯಾರ ಮೇಲೆ ಹಾಕಬೇಕೆಂದು ಮಾತ್ರ ತಿಳಿಯದಾಗುತ್ತದೆ.